ಟರ್ಕಿ ಕೋವಿ: ಮೂತಿ ಬಿಗಿದಷ್ಟೂ ಒಳ್ಳೆಯದೆ?

ಅಮೆರಿಕದ ಗಂಡು ಕಾಡು ಟರ್ಕಿ ಎಂಟರಿಂದ ಹತ್ತು ಕಿಲೋ ತೂಗುತ್ತದೆ. ಅಷ್ಟು ದೊಡ್ಡ ಹಕ್ಕಿಯಲ್ಲಿ ಗುರಿಯಿಡಬೇಕಾದ್ದು ತಲೆಗೆ ಮತ್ತು ಅದರ ಕೆಳಗಿನ ಗೇಣುದ್ದ ಕುತ್ತಿಗೆಗೆ ಮಾತ್ರ. ಎದೆಯ ದಪ್ಪ ಗರಿ, ಅದರಡಿಯ ಮಾಂಸ ಎರಡನ್ನೂ ದಾಟಿ ಚರೆ ಒಳಗಿನ ಜೀವ ಮುಟ್ಟುವುದು ನೆಚ್ಚುವಂಥದ್ದಲ್ಲ. ಹಕ್ಕಿ ಗಾಯ ಹೊತ್ತು ಓಡಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ, ಸಿಕ್ಕರೂ ಮಾಂಸದ ತುಂಬ ಸೀಸ. ತಲೆಬುರುಡೆಗೋ ಕತ್ತಿನ ಮೂಳೆಗೋ ನಾಲ್ಕಾರು ಚರೆ ಬಿದ್ದರೆ ನಿಂತಲ್ಲೇ ಉರುಳುತ್ತದೆ. ಬಾತು, ಫೆಸೆಂಟುಗಳನ್ನು ಹೊಡೆಯುವುದು ಅವು ಹಾರುವಾಗ. ಅಲ್ಲಿ ಚರೆ ಹರಡಬೇಕು. ಟರ್ಕಿ ನೆಲದ ಮೇಲೆ ಕತ್ತೆತ್ತಿ ನಿಂತಿರುತ್ತದೆ. ಇಲ್ಲಿ ಚರೆ ಒತ್ತಾಗಿ ಹೋಗಬೇಕು. ಚರೆ ಕೋವಿಯಿಂದ ರೈಫಲಿನ ಕೆಲಸ ಮಾಡಿಸುವ ಈ ಬೇಡಿಕೆಯಿಂದಲೇ ಅಲ್ಲಿ ‘ಟರ್ಕಿ ಕೋವಿ’ ಎಂಬ ಪ್ರತ್ಯೇಕ ಜಾತಿ ಹುಟ್ಟಿದೆ, ಅದರ ಬೆನ್ನಿಗೆ ದೊಡ್ಡ ವ್ಯಾಪಾರವೂ ಬೆಳೆದಿದೆ. ಆ ವ್ಯಾಪಾರ ಹೇಳುವ ಮಾತುಗಳಲ್ಲಿ ಅರ್ಧ ನಿಜ, ಇನ್ನರ್ಧ ದೂರದ ಮೋಹ.

ಬೇಟೆಯಾಡಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಆ ಪ್ರಶ್ನೆಗೆ ತೆರೆ ಎಳೆದಿದೆ. ಅಮೆರಿಕದಲ್ಲಿ ಅದು ಪರವಾನಗಿ, ಋತು, ಹಕ್ಕಿಗಳ ಮಿತಿ ಎಲ್ಲ ಇರುವ ಕಾನೂನುಬದ್ಧ ಚಟುವಟಿಕೆ. ಹೊಡೆಯುವುದೇ ಆದರೆ ಕೋವಿ ಹೇಗಿರಬೇಕು ಎಂಬಷ್ಟೇ ಇಲ್ಲಿಯ ಮಾತು.

ಮೊದಲು ನಳಿಗೆಯ ಉದ್ದ. ನಳಿಗೆ ಉದ್ದವಾದಷ್ಟೂ ಈಡು ದೂರ ಹೋಗುತ್ತದೆ ಎಂಬ ನಂಬಿಕೆ ಮಲೆನಾಡಿನಲ್ಲೂ ಇದೆ, ಅಮೆರಿಕದ ಟೆನೆಸ್ಸಿಯಲ್ಲೂ ಇದೆ. ಕರಿಮದ್ದಿನ ಕಾಲದಲ್ಲಿ ಅದರಲ್ಲಿ ಹುರುಳಿತ್ತು, ಏಕೆಂದರೆ ಆ ಮದ್ದು ನಿಧಾನವಾಗಿ ಉರಿದು ಚರೆಯನ್ನು ತಳ್ಳಲು ಉದ್ದನೆಯ ದಾರಿ ಬೇಡುತ್ತಿತ್ತು. ಇಂದಿನ ಹೊಗೆರಹಿತ ಮದ್ದು ಮೊದಲ ಹದಿನೆಂಟು, ಇಪ್ಪತ್ತು ಇಂಚಿನೊಳಗೆ ಬಹುಪಾಲು ಉರಿದು ಮುಗಿದಿರುತ್ತದೆ. ಅದರಾಚೆಗೆ ಸೇರಿಸಿದ ಒಂದೊಂದು ಇಂಚಿಗೂ ಸಿಗುವ ಹೆಚ್ಚುವರಿ ವೇಗ ಸೆಕೆಂಡಿಗೆ ಐದರಿಂದ ಹತ್ತು ಅಡಿ. ಸೆಕೆಂಡಿಗೆ 1,200 ಅಡಿಯಲ್ಲಿ ಹೊರಡುವ ಚರೆಗೆ ಇದೊಂದು ಲೆಕ್ಕವೇ ಅಲ್ಲ. ಚರೆಯ ಒತ್ತನ್ನಂತೂ ನಳಿಗೆಯ ಉದ್ದ ತೀರ್ಮಾನಿಸುವುದಿಲ್ಲ.

ಹಾಗಾಗಿ ಉದ್ದವನ್ನು ಆರಿಸಬೇಕಾದ್ದು ಬೇಟೆಗಾರ ಕೂರುವ ಜಾಗ ನೋಡಿ. ವಸಂತದ ಬೇಟೆಯಲ್ಲಿ ಆತ ಬೆಳಕು ಹರಿಯುವ ಮೊದಲೇ ಹೋಗಿ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ, ಮೊಣಕಾಲ ಮೇಲೆ ಕೋವಿ ಇಟ್ಟುಕೊಂಡು ಹೆಣ್ಣು ಹಕ್ಕಿಯ ದನಿ ಅನುಕರಿಸಿ ಗಂಡನ್ನು ಕರೆಯುತ್ತಾನೆ. ಸೀಮೆಸುಣ್ಣ ಉಜ್ಜಿದ ಮರದ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿಸಿ, ಕಲ್ಲುಹಲಗೆಯ ಮೇಲೆ ಕಡ್ಡಿ ತೀಡಿ, ಇಲ್ಲವೇ ಬಾಯಿಯೊಳಗೆ ರಬ್ಬರ್ ಪೊರೆ ಇಟ್ಟುಕೊಂಡು ಈ ದನಿ ಹೊರಡಿಸುತ್ತಾರೆ. ಹಕ್ಕಿಯ ಕಣ್ಣು ಬಲು ಚುರುಕು. ಕೊನೇ ಗಳಿಗೆಯಲ್ಲಿ ನಳಿಗೆಯನ್ನು ಒಂದು ಮೊಳ ತಿರುಗಿಸಬೇಕಾಗಿ ಬಂದು ಅದು ಬಳ್ಳಿಗೆ ತಾಗಿತೋ, ಹಕ್ಕಿ ಮಾಯ. 28 ಇಂಚಿನ ಬಾತುಕೋಳಿ ಕೋವಿಗಿಂತ 24 ಇಂಚಿನದು ಇಲ್ಲಿ ಹಿತ. ತೀರಾ ಗಿಡ್ಡವಾದರೆ ಸದ್ದು ಕಿವಿಯ ಪಕ್ಕದಲ್ಲೇ ಸಿಡಿಯುತ್ತದೆ. ಜೊತೆಗೆ ಕಾನೂನಿನ ಗೆರೆಯೂ ಇದೆ: 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ 18 ಇಂಚಿಗಿಂತ ಗಿಡ್ಡ ನಳಿಗೆಯ ಚರೆ ಕೋವಿಗೆ ಪ್ರತ್ಯೇಕ ನೋಂದಣಿ ಬೇಕು. ಮನೆಯಲ್ಲಿ ಆಗಲೇ 26 ಇಂಚಿನ ಕೋವಿ ಇದ್ದವರು ಎರಡು ಇಂಚು ಉಳಿಸಲು ಹೊಸದು ಕೊಳ್ಳುವುದನ್ನು ಹುಮ್ಮಸ್ಸು ಅನ್ನಬಹುದು, ಅಗತ್ಯ ಅನ್ನಲಾಗದು.

ಇನ್ನು ಮೂತಿ. ನಳಿಗೆಯ ತುದಿಯನ್ನು ತುಸು ಕಿರಿದಾಗಿಸಿ ಚರೆ ಬೇಗ ಚದುರದಂತೆ ಮಾಡುವ ಉಪಾಯವೇ ಚೋಕ್. ಇಂಗ್ಲೆಂಡಿನ ನ್ಯೂಕಾಸಲ್‌ನ ಕೋವಿ ತಯಾರಕ ಪೇಪ್ 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಮೆರಿಕದಲ್ಲಿ ಇಲಿನಾಯ್‌ನ ಬಾತು ಬೇಟೆಗಾರ ಫ್ರೆಡ್ ಕಿಂಬಲ್ ತಾನಾಗಿಯೇ ಅದನ್ನು ಕಂಡುಕೊಂಡರು ಎನ್ನುತ್ತಾರೆ. ಜನಪ್ರಿಯಗೊಳಿಸಿದ ಶ್ರೇಯ 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಗ್ರೀನರ್‌ಗೆ ಸಲ್ಲುತ್ತದೆ. ಕೊಡಗಿನ, ಮಲೆನಾಡಿನ ಹಳೆ ಮನೆಗಳ ಜೋಡುನಳಿಗೆ ಕೋವಿಗಳಲ್ಲೂ ಸಾಮಾನ್ಯವಾಗಿ ಬಲನಳಿಗೆ ತುಸು ಸಡಿಲ, ಎಡನಳಿಗೆ ಬಿಗಿ. ಹತ್ತಿರದ್ದಕ್ಕೊಂದು ಕುದುರೆ, ದೂರದ್ದಕ್ಕಿನ್ನೊಂದು. ಈಗಿನ ಕೋವಿಗಳಲ್ಲಿ ಮೂತಿಯೊಳಗೆ ತಿರುಪಿ ಕೂರಿಸುವ ಬಿಡಿ ಚೋಕ್‌ಗಳಿರುವುದರಿಂದ ಒಂದೇ ನಳಿಗೆ ಹತ್ತು ಅವತಾರ ತಾಳುತ್ತದೆ.

ಇದರ ಅಳತೆ ಕೇಳಿದರೆ ಆಶ್ಚರ್ಯವಾದೀತು. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ‘ಫುಲ್ ಚೋಕ್’ ಅಂದರೆ ಅದು ತುದಿಯಲ್ಲಿ ಸುಮಾರು 17.6ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಒಂದೇ ಮಿಲಿಮೀಟರಿನ ಬಿಗಿತ. ಅಷ್ಟಕ್ಕೇ 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳುತ್ತದೆ. ಬಿಗಿತವೇ ಇಲ್ಲದ ಸಪಾಟು ನಳಿಗೆಯಲ್ಲಿ ಅದು 40ರ ಆಸುಪಾಸು. ಟರ್ಕಿಗೆಂದೇ ಮಾರುವ ಚೋಕ್‌ಗಳು ಇನ್ನೂ ಮುಂದೆ ಹೋಗಿ 16.9, ಕೆಲವು 16.3 ಮಿಲಿಮೀಟರಿಗೂ ಇಳಿದಿವೆ.

ನನ್ನ ತಕರಾರಿರುವುದು ಈ ಪೈಪೋಟಿಯ ಬಗ್ಗೆ. ಸೀಸ ಮೆದು ಲೋಹ. ಅತಿಯಾಗಿ ಕಿರಿದಾದ ಬಾಯಿಯಲ್ಲಿ ಒತ್ತೊತ್ತಿ ಹೊರಬರುವಾಗ ಕಾಳುಗಳು ಜಜ್ಜಿ ಚಪ್ಪಟೆಯಾಗುತ್ತವೆ. ಉರುಟು ಕಳೆದುಕೊಂಡ ಕಾಳು ನೇರ ಹಾರದೆ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಒಂದು ಹಂತ ದಾಟಿದ ಮೇಲೆ ಬಿಗಿ ಹೆಚ್ಚಿಸಿದಷ್ಟೂ ಒತ್ತು ಹೆಚ್ಚುವ ಬದಲು ಕಡಿಮೆಯಾಗುತ್ತದೆ, ಚರೆಯ ಹರಹಿನ ನಡುವೆ ಟರ್ಕಿಯ ತಲೆ ನುಸುಳುವಷ್ಟು ಖಾಲಿ ಜಾಗ ಉಳಿಯುತ್ತದೆ. ಆ ಹಂತ ಎಲ್ಲಿದೆ ಎಂಬುದು ಕೋವಿ, ಚೋಕ್, ತೋಟೆ ಮೂರೂ ಸೇರಿ ನಿರ್ಧಾರವಾಗುವ ಸಂಗತಿ. ಒಂದೇ ಕಾರ್ಖಾನೆಯ ಎರಡು ನಳಿಗೆಗಳೂ ಒಂದೇ ಥರ ನಡೆದುಕೊಳ್ಳಬೇಕೆಂದಿಲ್ಲ. ಇನ್ನೊಂದು ಕಷ್ಟವನ್ನು ಜಾಹೀರಾತು ಎಂದೂ ಹೇಳುವುದಿಲ್ಲ. ಚೆನ್ನಾಗಿ ಕರೆಯಬಲ್ಲವನ ಹಕ್ಕಿ ಹದಿನೈದು ಗಜಕ್ಕೂ ಬಂದು ನಿಲ್ಲುತ್ತದೆ. ಅಷ್ಟು ಹತ್ತಿರದಲ್ಲಿ ಅತಿ ಬಿಗಿ ಚೋಕಿನ ಚರೆ ಮುಷ್ಟಿಯಗಲವೂ ಹರಡಿರುವುದಿಲ್ಲ. ಕೈ ತುಸು ನಡುಗಿದರೂ ಅಷ್ಟೂ ಚರೆ ತಲೆಯ ಪಕ್ಕದಿಂದ ಹಾರಿಹೋಗುತ್ತದೆ. ಕರೆಯುವ ಕಲೆಯಲ್ಲಿ ಗೆದ್ದವನೇ ಕೋವಿಯಲ್ಲಿ ಸೋಲುತ್ತಾನೆ.

ಬಿಡಿ ಚೋಕ್ ಒಂದಕ್ಕೆ ಐವತ್ತರಿಂದ ನೂರು ಡಾಲರ್. ಮೂರು ನಾಲ್ಕು ಬಗೆಯದನ್ನು ಕೊಂಡು ಸಾದಾ ಕೋವಿಯ ತುದಿಗೆ ಒಂದೊಂದಾಗಿ ತಿರುಪಿ ನೋಡುವವರನ್ನು ಕಂಡರೆ ಮೂಗಿಗಿಂತ ಮೂಗುತಿ ಭಾರ ಅನ್ನಿಸದೆ ಇರದು.

ಬಿಗಿ ಸಾಲದು ಅನ್ನಿಸಿದವರಿಗೆ ಮಾರುಕಟ್ಟೆ ಕೊಟ್ಟ ಇನ್ನೊಂದು ಉತ್ತರ ದೊಡ್ಡ ತೋಟೆ. 1988ರಲ್ಲಿ ಮಾಸ್‌ಬರ್ಗ್ ಕಂಪನಿಯ 835 ಮಾದರಿಯೊಂದಿಗೆ ಮೂರೂವರೆ ಇಂಚಿನ 12 ಬೋರ್ ತೋಟೆ ಬಂತು. ಆ ಕೋವಿಯ ನಳಿಗೆಯನ್ನು 10 ಬೋರಿನಷ್ಟೇ ಅಗಲವಾಗಿ ಕೊರೆದಿದ್ದರು. ಒಳಗೆ ಹರವು ಜಾಸ್ತಿಯಾದರೆ ಚರೆ ಜಜ್ಜುವುದು ಕಡಿಮೆ ಎಂಬ ತರ್ಕ ಸರಿಯಾದದ್ದೇ. ಆದರೆ ಎರಡು ಔನ್ಸಿಗೂ ಮೇಲೆ ಚರೆ ತುಂಬಿದ ಈ ತೋಟೆಯನ್ನು ಹಗುರ ಕೋವಿಯಲ್ಲಿ ಹಾರಿಸಿದರೆ ಅದು ಭುಜಕ್ಕೆ ಕೊಡುವ ಒದೆ ಕಾಡೆಮ್ಮೆಯಂಥ ಪ್ರಾಣಿಗಳಿಗೆಂದು ಮಾಡಿದ ರೈಫಲುಗಳ ಒದೆಗೆ ಕಡಿಮೆಯಿಲ್ಲ. ಒಮ್ಮೆ ತಿಂದ ಭುಜ ಮರೆಯುವುದಿಲ್ಲ. ಮುಂದಿನ ಸಲ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ನಳಿಗೆ ತಗ್ಗುತ್ತದೆ. ತಲೆಗೇ ಗುರಿಯಿಡಬೇಕಾದ ಬೇಟೆಯಲ್ಲಿ ಹೊಡೆಯುವವನನ್ನೇ ಬೆದರಿಸುವ ಈ ತೋಟೆಯಷ್ಟು ಅವಿವೇಕದ ಸರಕು ಇನ್ನೊಂದಿಲ್ಲ.

ಈ ಲೆಕ್ಕಗಳನ್ನೆಲ್ಲ ಈಚೆಗೆ ತಲೆಕೆಳಗು ಮಾಡಿರುವುದು ಚರೆಯ ಲೋಹ. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.3 ಗ್ರಾಂ; ಟಿಎಸ್‌ಎಸ್ ಎಂದು ಕರೆಯುವ ಟಂಗ್‌ಸ್ಟನ್ ಚರೆಯದು ಸುಮಾರು 18. ಟರ್ಕಿಗೆ ವಾಡಿಕೆಯಾದ 5ನೇ ನಂಬರಿನ ಸೀಸದ ಕಾಳು ಮೂರು ಮಿಲಿಮೀಟರ್ ದಪ್ಪ. 9ನೇ ನಂಬರಿನ ಟಂಗ್‌ಸ್ಟನ್ ಕಾಳು ಎರಡೇ ಮಿಲಿಮೀಟರ್, ತೂಕ ಅದರ ಅರ್ಧಕ್ಕಿಂತ ಕಡಿಮೆ. ಆದರೂ ಅಡ್ಡಳತೆಗೆ ಹೋಲಿಸಿದರೆ ಭಾರ ಹೆಚ್ಚಾದ್ದರಿಂದ ಗಾಳಿಯಲ್ಲಿ ವೇಗ ಕಳೆದುಕೊಳ್ಳುವುದು ಕಡಿಮೆ, ನಾಟುವ ಶಕ್ತಿಯಲ್ಲಿ ಹಿಂದೆ ಬೀಳುವುದಿಲ್ಲ. 12 ಬೋರಿನ ತೋಟೆಗೆ 50 ಗ್ರಾಂ ಸೀಸ ತುಂಬಿದರೆ 5ನೇ ನಂಬರಿನ ಕಾಳು ಸುಮಾರು 300. .410 ಎನ್ನುವ ಪುಟ್ಟ ಕೋವಿಯ ತೋಟೆಗೆ 23 ಗ್ರಾಂ ಟಂಗ್‌ಸ್ಟನ್ ತುಂಬಿದರೆ 9ನೇ ನಂಬರಿನ ಕಾಳು ಸುಮಾರು 290. ಹುಡುಗರಿಗೆ ಗುರಿ ಕಲಿಸಲು ಕೊಡುತ್ತಿದ್ದ, ಹತ್ತೂವರೆ ಮಿಲಿಮೀಟರ್ ನಳಿಗೆಯ ಆ ಕೋವಿ ಹೀಗೆ ಟರ್ಕಿ ಕೋವಿಯಾಗಿಬಿಟ್ಟಿತು. ಬೆಲೆ ಮಾತ್ರ ದುಬಾರಿ, ಒಂದು ತೋಟೆಗೆ ಹತ್ತು ಡಾಲರ್ ಹತ್ತಿರ, ಕೆಲವಕ್ಕೆ ಅದಕ್ಕೂ ಮೇಲೆ.

ಒದೆಯಿಲ್ಲದ ಹಗುರ ಕೋವಿಗೆ ಕೆಲಸ ಕೊಟ್ಟದ್ದು ಟಂಗ್‌ಸ್ಟನ್ನಿನ ದೊಡ್ಡ ಗುಣ. ವಯಸ್ಸಾದವರೂ ಹೆಂಗಸರೂ ಮಕ್ಕಳೂ ಹೆದರದೆ ಹಾರಿಸಬಲ್ಲ 20 ಬೋರು ಇಂದು 12 ಬೋರಿಗೆ ಸರಿಸಮ. ಗಟ್ಟಿ ಲೋಹವಾದ್ದರಿಂದ ಕಾಳು ಜಜ್ಜುವುದಿಲ್ಲ, ಅತಿ ಬಿಗಿ ಚೋಕಿನ ಹಂಗೂ ಬೇಕಿಲ್ಲ. ಎಷ್ಟೋ ತೋಟೆಗಳಲ್ಲಿ ಚರೆಯನ್ನು ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲೇ ಚರೆಯನ್ನು ತುಸು ದೂರದವರೆಗೆ ಹಿಡಿದಿಡುತ್ತದೆ. ಫೆಡರಲ್ ಕಂಪನಿಯ ಅಂಥ ಒಂದು ಬಟ್ಟಲು, ಅದನ್ನು ತಡೆದು ನಿಲ್ಲಿಸುವ ಅಂಚುಗಳಿರುವ ಚೋಕ್‌ಗಳಲ್ಲಿ ಕೆಟ್ಟದಾಗಿಯೂ ಸಾದಾ ಫುಲ್ ಚೋಕಿನಲ್ಲಿ ಸೊಗಸಾಗಿಯೂ ನಡೆಯುವುದುಂಟು. ಅಂದರೆ ದುಬಾರಿ ತೋಟೆಗೆ ದುಬಾರಿ ಚೋಕ್ ಜೋಡಿಸಿದವನು ಎರಡೂ ಕಡೆ ದುಡ್ಡು ಕಳೆದುಕೊಳ್ಳಬಹುದು. ಇನ್ನೊಂದು ಎಚ್ಚರಿಕೆ: ಸೀಸಕ್ಕೆಂದು ಮಾಡಿದ ಕಿರಿದಾದ ಚೋಕಿನಲ್ಲಿ ಉಕ್ಕಿನಂಥ ಗಟ್ಟಿ ಚರೆ ಹಾರಿಸಿದರೆ ನಳಿಗೆಯ ತುದಿ ಉಬ್ಬುವ ಅಪಾಯವಿದೆ. ಚೋಕಿನ ಮೇಲೆ ಕೆತ್ತಿದ್ದನ್ನು ಓದದೆ ತೋಟೆ ಹಾಕಬಾರದು.

ಇದನ್ನೆಲ್ಲ ತೀರ್ಮಾನಿಸುವುದು ಕಾಗದ. 40 ಗಜದಲ್ಲಿ ಮೂರಡಿ ಅಗಲದ ಕಾಗದ ಬಿಗಿದು, ನಡುವೆ ಬೊಟ್ಟಿಟ್ಟು, ಕೋವಿಯನ್ನು ಮೇಜಿನ ಮೇಲೆ ಆನಿಸಿ ಒಂದು ಈಡು ಹಾರಿಸಬೇಕು. ಆಮೇಲೆ ಚರೆ ಎಲ್ಲಿ ಹೆಚ್ಚು ಒತ್ತಾಗಿದೆಯೋ ಅಲ್ಲಿ 10 ಇಂಚಿನ ವೃತ್ತ ಎಳೆದು, ಒಂದೊಂದು ತೂತಿಗೂ ಪೆನ್ನಿನಲ್ಲಿ ಗೀಟು ಹಾಕುತ್ತಾ ಎಣಿಸಬೇಕು. ನೂರು ದಾಟಿದರೆ ಸಾಕು ಎಂಬುದು ವಾಡಿಕೆ. ನೂರೇ ಏಕೆ ಎಂದು ಕೇಳಿದರೆ ಶಾಸ್ತ್ರೀಯ ಉತ್ತರ ಸಿಗದು, ಆದರೂ ಅದು ಕೆಟ್ಟ ಅಂದಾಜಲ್ಲ. ಎಣಿಕೆಗಿಂತ ಮೊದಲು ನೋಡಬೇಕಾದ್ದು ವೃತ್ತ ಎಲ್ಲಿ ಬಿತ್ತು ಎಂಬುದನ್ನು. ಎಷ್ಟೋ ಕೋವಿಗಳು ಬೊಟ್ಟಿಗಿಂತ ಒಂದು ಗೇಣು ಮೇಲಕ್ಕೋ ಪಕ್ಕಕ್ಕೋ ಹೊಡೆಯುತ್ತವೆ. ಇನ್ನೂರು ಚರೆಯ ಹೊಳೆಯುವ ವೃತ್ತ ಹಕ್ಕಿಯ ತಲೆಯ ಮೇಲೆ ಹಾದುಹೋದರೆ ಏನು ಬಂತು? ಚೋಕಿಗೆ ಸುರಿಯುವ ಹಣದಲ್ಲಿ ಹೊಂದಿಸಬಹುದಾದ ಗುರಿಕಡ್ಡಿಯನ್ನೋ ಕೆಂಪು ಚುಕ್ಕಿಯ ಗುರಿಗಾಜನ್ನೋ ಕೂರಿಸಿದರೆ ಹೆಚ್ಚು ಫಲ. ಅದೇ ಕಾಗದವನ್ನು 15 ಗಜಕ್ಕೆ ತಂದು ಇನ್ನೊಂದು ಈಡು ಹಾರಿಸಿ ನೋಡುವವರು ಕಡಿಮೆ. ನೋಡಿದವರು ತಮ್ಮ ಬಿಗಿ ಚೋಕನ್ನು ಬದಲಿಸಿದರೆ ಆಶ್ಚರ್ಯವಿಲ್ಲ.

40 ಗಜ ಹಳಬರ ಮಿತಿ. ಈಗ 60, 70 ಗಜದ ಮಾತು ಕೇಳಿಬರುತ್ತಿದೆ. ಕಾಗದದ ಮೇಲೆ ಅದು ಸುಳ್ಳಲ್ಲ. ಕಾಡಿನಲ್ಲಿ ದೂರದ ಅಂದಾಜು ತಪ್ಪುತ್ತದೆ, ನಡುವೆ ರೆಂಬೆಯಿರುತ್ತದೆ, ಹಿಂದೆ ಇನ್ನೊಂದು ಹಕ್ಕಿ ನಿಂತಿರುತ್ತದೆ. ಆ ದೂರದಲ್ಲಿ ಸತ್ತ ಹಕ್ಕಿ ಚೀಲ ಸೇರುತ್ತದೆ, ಗಾಯಗೊಂಡದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಅಮೆರಿಕದ ಅನೇಕ ರಾಜ್ಯಗಳಿಂದ ಅಳಿದುಹೋಗಿದ್ದ ಹಕ್ಕಿ ಇದು. ಕೋವಿ, ತೋಟೆಗಳ ಮೇಲೆ ಹಾಕಿದ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ, ಬಲೆಯಲ್ಲಿ ಹಿಡಿದು ಬೇರೆ ಕಾಡುಗಳಿಗೆ ಬಿಟ್ಟ ರಾಜ್ಯ ಇಲಾಖೆಗಳು, 1973ರಲ್ಲಿ ಹುಟ್ಟಿದ ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಶನ್, ಇವೆಲ್ಲ ಸೇರಿ ಅದನ್ನು ವಾಪಸು ತಂದವು. ದಕ್ಷಿಣದ ಕೆಲವು ರಾಜ್ಯಗಳಲ್ಲಿ ಸಂಖ್ಯೆ ಈಗ ಮತ್ತೆ ಇಳಿಯುತ್ತಿದೆ. ಹೀಗಿರುವಾಗ ಹತ್ತಿರ ಕರೆಯಲು ಬಾರದ್ದನ್ನು ಚೋಕಿನಿಂದ ತುಂಬಿಕೊಳ್ಳುವುದು ನನಗೆ ಒಪ್ಪಿಗೆಯಾಗದು.

ನನ್ನನ್ನು ಕೇಳಿದರೆ 20 ಬೋರಿನ, 24 ಇಂಚು ನಳಿಗೆಯ, ಕೋವಿಯ ಜೊತೆಗೇ ಬಂದ ಫುಲ್ ಚೋಕಿನ ಕೋವಿ ಸಾಕು. ದುಡ್ಡಿದ್ದರೆ ಟಂಗ್‌ಸ್ಟನ್, ಇಲ್ಲದಿದ್ದರೆ ಸೀಸ ಹಾಕಿ 30 ಗಜದವರೆಗೆ ಕಾಯುವ ತಾಳ್ಮೆ. 12 ಬೋರ್ ಇದ್ದವರಿಗೆ ಮೂರು ಇಂಚಿನ ತೋಟೆ, 16.9ರ ಸುಮಾರಿನ ಚೋಕ್. ಮೂರೂವರೆ ಇಂಚಿನದನ್ನು ಅಂಗಡಿಯಲ್ಲೇ ಬಿಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್‌-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಕೋವಿ ಅಥವಾ ತೋಟೆ ಹೊಂದುವುದನ್ನು ಅಲ್ಲಿಯ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಮೊದಲ ಸಲ ಪರವಾನಗಿ ಪಡೆಯುವವರಿಗೆ ಬಹುತೇಕ ರಾಜ್ಯಗಳಲ್ಲಿ ಬೇಟೆ ಸುರಕ್ಷತೆಯ ತರಬೇತಿ ಕಡ್ಡಾಯ. ಚರೆಯ ನಂಬರಿಗೂ ಕೆಲವು ರಾಜ್ಯಗಳು ಮಿತಿ ಹಾಕಿವೆ, ಆ ವರ್ಷದ ನಿಯಮ ಪುಸ್ತಿಕೆ ಓದಿಕೊಂಡೇ ತೋಟೆ ಕೊಳ್ಳಿ.