ಹೊರಬರುವ ಬಾಗಿಲಿಗೆ ಕಾವಲು ಯಾರು?

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಅಂದರೆ ನಮ್ಮ ಮಕ್ಕಳಿಗೆ ಕೊನೆಯ ಗವರ್ನರ್ ಜನರಲ್, ಅಷ್ಟೇ. 1962ರಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದ ಜೊತೆ ಅಮೆರಿಕಕ್ಕೆ ಹೋಗಿ, ಅಣುಬಾಂಬಿನ ಪರೀಕ್ಷೆ ನಿಲ್ಲಿಸಿ ಅಂತ ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡವರೂ ಅವರೇ. ಜೊತೆಯಲ್ಲಿ ಧಾರವಾಡದ ಆರ್. ಆರ್. ದಿವಾಕರ, ಮಂಗಳೂರಿನ ಬಿ. ಶಿವರಾವ್ ಇದ್ದರು.

ಮಾರನೆಯ ವರ್ಷ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಮೂರೇ ದಿನಕ್ಕೆ ಭಾರತವೂ ಹಾಕಿತು. ಗಾಳಿಯಲ್ಲಿ, ಬಾಹ್ಯಾಕಾಶದಲ್ಲಿ, ನೀರಿನಡಿಯಲ್ಲಿ ಪರೀಕ್ಷೆ ಕೂಡದು. ನೆಲದಡಿಯ ಪರೀಕ್ಷೆಗೆ ಅದರಲ್ಲಿ ಪೂರ್ಣ ನಿಷೇಧವಿಲ್ಲ. 1974, 1998ರ ಪೋಖರಣ್ ಪರೀಕ್ಷೆಗಳು ನೆಲದಡಿಯಲ್ಲೇ ನಡೆದವು.

ಐದೇ ಕಲಮುಗಳ ಈ ಒಪ್ಪಂದದಲ್ಲಿ ನನ್ನ ತಕರಾರಿರುವುದು ನಾಲ್ಕನೆಯದರ ಮೇಲೆ. ಅಸಾಧಾರಣ ಘಟನೆಗಳಿಂದ ತನ್ನ ಪರಮ ಹಿತಕ್ಕೆ ಧಕ್ಕೆಯಾಗಿದೆ ಎಂದು ಒಂದು ದೇಶ ತೀರ್ಮಾನಿಸಿದರೆ, ಉಳಿದವರಿಗೆ ಮೂರು ತಿಂಗಳ ನೋಟಿಸು ಕೊಟ್ಟು ಹೊರಬರಬಹುದು. ಸರಿ. ಆದರೆ ತೀರ್ಮಾನಿಸುವ ಆ 'ದೇಶ' ಅಂದರೆ ಯಾರು? ಕಲಮು ಹೊರಗಿನವರಿಗೆ ತಿಳಿಸು ಅನ್ನುತ್ತದೆ, ಮನೆಯವರನ್ನು ಕೇಳು ಅನ್ನುವುದಿಲ್ಲ. ನಮ್ಮಲ್ಲಿ ಒಟ್ಟು ಕುಟುಂಬದ ಒಂದೆಕರೆ ಹೊಲ ಮಾರಬೇಕಾದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಣ್ಣತಮ್ಮಂದಿರೆಲ್ಲ ಬಂದು ಸಹಿ ಹಾಕಬೇಕಲ್ಲ!

ಇದು ಬರೀ ಅಕ್ಷರದ ತಕರಾರಲ್ಲ. ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶಮಾಡುವ 1987ರ ಒಪ್ಪಂದವನ್ನು ಅಮೆರಿಕದ ಸೆನೆಟ್ 93–5 ಮತಗಳಿಂದ ಒಪ್ಪಿತ್ತು. 2019ರಲ್ಲಿ ಅದರಿಂದ ಹೊರಬರಲು ಸೆನೆಟ್ಟಿನ ಮತವನ್ನೇ ಕೇಳಲಿಲ್ಲ. 2002ರಲ್ಲಿ ಕ್ಷಿಪಣಿ ತಡೆ ಒಪ್ಪಂದವನ್ನು ಬುಷ್ ಬಿಟ್ಟಾಗ ಅಲ್ಲಿನ 32 ಸಂಸದರು ಕೋರ್ಟಿಗೆ ಹೋದರು. ಕೋರ್ಟು ವಿಷಯದ ಒಳಗೇ ಇಳಿಯದೆ ದಾವೆ ವಜಾ ಮಾಡಿತು. ಒಳಗೆ ಬರಲು ಮೂರರಲ್ಲಿ ಎರಡು ಪಾಲು ಮತ ಬೇಕು, ಹೊರಗೆ ಹೋಗಲು ಒಬ್ಬರ ಸಹಿ ಸಾಕು.

ನಮ್ಮಲ್ಲಿ ಒಳಬರುವ ಬಾಗಿಲಿಗೂ ಕಾವಲಿಲ್ಲ. ಒಪ್ಪಂದ ಮಾಡಿಕೊಳ್ಳುವ ವಿಷಯ ಕೇಂದ್ರ ಪಟ್ಟಿಯ 14ನೇ ನಮೂದಿನಲ್ಲಿದೆ, ಅಂದರೆ ಸಂಸತ್ತು ಕಾನೂನು ಮಾಡಬಹುದು. ಮಾಡಿಲ್ಲ. ಹಾಗಾಗಿ ಎಲ್ಲ ಮಂತ್ರಿಮಂಡಲದ ಕೈಯಲ್ಲಿ. 2008ರಲ್ಲಿ ಅಮೆರಿಕದೊಂದಿಗಿನ ಅಣು ಒಪ್ಪಂದದ ಗಲಾಟೆಯಲ್ಲಿ ಲೋಕಸಭೆ 275–256 ಮತ ಹಾಕಿತು ನಿಜ. ಆದರೆ ಅದು ಸರ್ಕಾರ ಉಳಿಯಬೇಕೇ ಬೇಡವೇ ಎನ್ನುವುದರ ಮೇಲೆ, ಒಪ್ಪಂದದ ಮೇಲಲ್ಲ. ಇದನ್ನೇ ಸಂಸತ್ತಿನ ಒಪ್ಪಿಗೆ ಅಂತ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಮತ ಹಾಕಿಸಿದರೆ ಮುಗಿಯಿತೇ? 2023ರ ಅಕ್ಟೋಬರಿನಲ್ಲಿ ರಷ್ಯಾದ ಡ್ಯೂಮಾ, ಪರೀಕ್ಷೆಗಳ ಪೂರ್ಣ ನಿಷೇಧದ ಒಪ್ಪಂದಕ್ಕೆ ತಾನು ಕೊಟ್ಟಿದ್ದ ಅನುಮೋದನೆಯನ್ನು ಒಂದೂ ವಿರೋಧ ಮತವಿಲ್ಲದೆ ವಾಪಸು ತೆಗೆದುಕೊಂಡಿತು. ಪ್ರಶ್ನೆ ಕೇಳುವವರಿಲ್ಲದ ಸಭೆ ಕೈ ಎತ್ತಿದರೇನು, ಬಿಟ್ಟರೇನು.

ಬೆಂಗಳೂರಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಸಂವಿಧಾನ ಪರಿಶೀಲನಾ ಆಯೋಗ 2002ರಲ್ಲೇ, ಒಪ್ಪಂದ ಮಾಡಿಕೊಳ್ಳುವ ಬಗ್ಗೆ ಸಂಸತ್ತು ಬೇಗ ಕಾನೂನು ತರಲಿ ಎಂದು ಶಿಫಾರಸು ಮಾಡಿತ್ತು. ಆ ಕಾನೂನಿನಲ್ಲಿ ಬಿಡುವ ಮಾತೂ ಸೇರಬೇಕು. ಮೂರು ತಿಂಗಳ ನೋಟಿಸು ಹೊರದೇಶಕ್ಕೆ ಹೋಗುವ ಮುಂಚೆ ಅದರ ಕಾರಣಗಳು ಲೋಕಸಭೆಯ ಮೇಜಿನ ಮೇಲೆ ಬರಲಿ, ಚರ್ಚೆಯಾಗಲಿ. ನಮ್ಮ ಕೃಷ್ಣಗಿರಿಯ ಸಂಸದರು ಏನು ಮಾತಾಡಿದರು, ಯಾವ ಕಡೆ ಮತ ಹಾಕಿದರು ಅನ್ನುವುದು ಮಾರನೆಯ ದಿನದ ಪೇಪರಿನಲ್ಲಿ ನಮಗೆ ಸಿಗಲಿ.