ಕುತ್ಲೂರಿನ ಮಹಜರು: ಒಂದು ವಿಮರ್ಶೆ

ನಮ್ಮ ವಿಮರ್ಶಕರು ಕತೆ, ಕವಿತೆ, ಕಾದಂಬರಿಗಳನ್ನು ಓದುತ್ತಾರೆ. ಬಡವರ ಬಗ್ಗೆ ದಿನಾ ಬರೆಯುತ್ತಿರುವ ಇನ್ನೊಬ್ಬ ಲೇಖಕನನ್ನು ಅವರು ಓದುವುದೇ ಇಲ್ಲ. ಅವನು ಪೊಲೀಸ್ ಠಾಣೆಯ ರೈಟರ್. ಎಫ್‌ಐಆರ್, ಮಹಜರು, ಆರೋಪ ಪಟ್ಟಿ, ರೌಡಿ ಪಟ್ಟಿ ಎಲ್ಲವೂ ಬರವಣಿಗೆಯೇ. ಇವುಗಳಿಗೂ ಒಂದು ದೃಷ್ಟಿಕೋನ ಉಂಟು, ಪಾತ್ರಗಳು ಉಂಟು. ಕಾದಂಬರಿಯ ಪಾತ್ರ ಪುಸ್ತಕ ಮುಚ್ಚಿದ ಮೇಲೆ ಸುಮ್ಮನಿರುತ್ತದೆ. ಮಹಜರಿನ ಪಾತ್ರಕ್ಕೆ ಹಸಿವು ಉಂಟು, ಅದು ನಾಳೆ ಕೆಲಸಕ್ಕೆ ಅರ್ಜಿ ಹಾಕಬೇಕು. ಆದ್ದರಿಂದ ಈ ಬರವಣಿಗೆಯನ್ನೂ ವಿಮರ್ಶೆಗೆ ಒಡ್ಡಲೇಬೇಕು.

ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಪ್ರಕರಣವನ್ನೇ ತೆಗೆದುಕೊಳ್ಳೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸಿಕ್ಕಿಕೊಂಡ ಮಲೆಕುಡಿಯರ ಊರು ಅದು. ರಸ್ತೆ ಕೊಡಿ, ಕರೆಂಟು ಕೊಡಿ, ನಮ್ಮನ್ನು ಒಕ್ಕಲೆಬ್ಬಿಸಬೇಡಿ ಎಂದು ಕೇಳುವುದೇ ಅಲ್ಲಿ ರಾಜಕೀಯ. 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆ ಆ ಊರಿನ ವಿಠಲ ಮಲೆಕುಡಿಯರನ್ನೂ ಅವರ ತಂದೆಯನ್ನೂ ಬಂಧಿಸಿತು. ವಿಠಲ ಆಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ವಿದ್ಯಾರ್ಥಿ. ಇಬ್ಬರ ಮೇಲೂ ರಾಜದ್ರೋಹದ ಆರೋಪ ಬಿತ್ತು, ಜೊತೆಗೆ ಯುಎಪಿಎ ಎಂಬ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯೂ ಬಿತ್ತು. ಕೈಗೆ ಕೋಳ ಹಾಕಿಸಿಕೊಂಡೇ ಪರೀಕ್ಷೆ ಬರೆಯಲು ಬಂದ ಆ ಹುಡುಗನ ಚಿತ್ರ ನಾಡೆಲ್ಲ ನೋಡಿತು.

ಸಿಕ್ಕಿದ್ದಾದರೂ ಎಂತ ಮಾರಾಯ್ರೆ? ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ. ಪತ್ರಿಕೆಯ ಕತ್ತರಿಸಿದ ಚೂರುಗಳು. ಊರಿಗೆ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸೋಣ ಎಂಬ ಒಂದು ಪತ್ರ. ಮಂಗಳೂರಿನಲ್ಲಿ ಇವೇ ವಸ್ತುಗಳು ಒಬ್ಬ ಪ್ರೊಫೆಸರರ ಮೇಜಿನ ಮೇಲಿದ್ದರೆ ಅದನ್ನು ಅಧ್ಯಯನ ಎನ್ನುತ್ತಾರೆ. ಮಲೆಕುಡಿಯನ ಗುಡಿಸಲಲ್ಲಿ ಸಿಕ್ಕಿದರೆ ಸಾಕ್ಷ್ಯ ಎನ್ನುತ್ತಾರೆ. ಈ ಮಹಜರಿನ ದೃಷ್ಟಿಕೋನ ಇಲ್ಲೇ ಬಯಲಾಗುತ್ತದೆ: ಕಾಡಿನವನು ಓದಬಾರದು, ಓದಿದರೆ ಅದರ ಹಿಂದೆ ಯಾರೋ ಇರಬೇಕು.

2021ರ ಅಕ್ಟೋಬರ್ 21ರಂದು ಮಂಗಳೂರಿನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದಕ್ಕೆ, ಪತ್ರಿಕೆ ಓದುವುದಕ್ಕೆ ಕಾನೂನಿನ ಅಡ್ಡಿ ಇಲ್ಲ ಎಂದಿತು. ಆ ಪತ್ರದಲ್ಲಿ ಇದ್ದದ್ದು ಊರಿನವರ ಬೇಡಿಕೆಗಳು ಎಂಬುದನ್ನೂ ಕಂಡಿತು. ಇಷ್ಟು ಸರಳ ಮಾತು ಹೇಳಿಸಿಕೊಳ್ಳಲು ಒಂಬತ್ತು ವರ್ಷ ಏಳು ತಿಂಗಳು ಬೇಕಾಯಿತು. ಅಷ್ಟರಲ್ಲಿ ವಿಠಲ ಕನ್ನಡದ ದಿನಪತ್ರಿಕೆಯೊಂದರಲ್ಲಿ ಪತ್ರಕರ್ತರಾಗಿದ್ದರು. ಅದು ಅವರ ಛಲ, ವ್ಯವಸ್ಥೆಯ ಔದಾರ್ಯ ಖಂಡಿತ ಅಲ್ಲ.

ಕೋರ್ಟು ಬಿಟ್ಟಿತಲ್ಲ, ಇನ್ನೆಂತ ಬೇಕು ಎನ್ನುವವರಿದ್ದಾರೆ. ಅವರಿಗೆ ಒಂದು ಪ್ರಶ್ನೆ: ತೀರ್ಪು ಬಂದ ಮರುದಿನ ಠಾಣೆಯ ದಫ್ತರದಲ್ಲಿ ಆ ಹೆಸರನ್ನು ಯಾರಾದರೂ ಹೊಡೆದುಹಾಕುತ್ತಾರೆಯೇ? ನಮ್ಮ ದೇಶದಲ್ಲಿ ಅದಕ್ಕೆಂದು ಒಂದು ಸಾಮಾನ್ಯ ಕಾನೂನೇ ಇಲ್ಲ. ಅಲ್ಲಲ್ಲಿ ಒಂದೊಂದು ಚೂರು ರಬ್ಬರು ಇಟ್ಟಿದ್ದಾರೆ, ಅಷ್ಟೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನಲ್ಲಿ ಮಕ್ಕಳ ದಾಖಲೆ ನಾಶಮಾಡುವ ಅವಕಾಶ ಇದೆ, ಹದಿನಾರು ದಾಟಿದವರ ಘೋರ ಅಪರಾಧಗಳನ್ನು ಬಿಟ್ಟು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ, ಒಳ್ಳೆಯ ನಡತೆಯ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು. ಆದರೆ ದಾಖಲೆ ಅಳಿಯದು. 2022ರ ಕ್ರಿಮಿನಲ್ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬೆರಳಚ್ಚು, ಫೋಟೋ, ಕಣ್ಣಪಾಪೆಯ ಗುರುತುಗಳನ್ನು 75 ವರ್ಷ ಇಟ್ಟುಕೊಳ್ಳುತ್ತದೆ. ಹಿಂದೆ ಶಿಕ್ಷೆಯಾಗದವನು ಖುಲಾಸೆಯಾದರೆ ಅವನ್ನು ನಾಶಮಾಡಬೇಕು ಎನ್ನುತ್ತದೆ ನಿಜ, ಆದರೆ ಎಲ್ಲ ಮೇಲ್ಮನವಿ ಮುಗಿದ ಮೇಲೆ, ನ್ಯಾಯಾಲಯ ಬೇರೆ ಹೇಳದಿದ್ದರೆ. ಬೆರಳಚ್ಚು ಹೋದರೂ ಎಫ್‌ಐಆರ್ ಹೋಗುವುದಿಲ್ಲ. ಹಳೆಯ ಪತ್ರಿಕೆಯ 'ಶಂಕಿತ ನಕ್ಸಲ್' ಎಂಬ ತಲೆಬರಹವೂ ಹೋಗುವುದಿಲ್ಲ.

ಇದರ ಏಟು ಬೀಳುವುದು ಅರ್ಜಿ ಫಾರಂ ತುಂಬುವಾಗ. ಸರಕಾರಿ ಕೆಲಸದ ಪರಿಶೀಲನಾ ಫಾರಂ ನಿಮಗೆ ಶಿಕ್ಷೆಯಾಗಿದೆಯೇ ಎಂದು ಮಾತ್ರ ಕೇಳುವುದಿಲ್ಲ, ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ ಎಂದೂ ಕೇಳುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿಜ ಹೇಳಲೇಬೇಕು ಎಂದಿತು. ಮುಗಿದ ಕೇಸನ್ನು ನಿಜವಾಗಿ ಹೇಳಿದವನನ್ನೂ ತೆಗೆದುಕೊಳ್ಳಲೇಬೇಕೆಂಬ ಒತ್ತಾಯ ಮಾಲಿಕನ ಮೇಲಿಲ್ಲ ಎಂದೂ ಹೇಳಿತು. ಹೇಳದಿದ್ದರೆ ಸುಳ್ಳುಗಾರ, ಹೇಳಿದರೆ ಸಂಶಯದವನು. ಬಂಟ್ವಾಳದ ಬೀಡಿ ಕಟ್ಟುವ ಮನೆಯ ಹುಡುಗ ಗಲ್ಫಿಗೆ ಹೊರಟರೂ ಪೊಲೀಸರ ಚೀಟಿ ಬೇಕಾದೀತು. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಎಸ್‌ಪಿಯ ಕೈಕೆಳಗೆ; ಮೂಡುಬಿದಿರೆ ಠಾಣೆ ಮಂಗಳೂರು ಕಮಿಷನರ ಕೈಕೆಳಗೆ. ಹುಟ್ಟಿದ ಊರು ಒಂದು ಕಡೆ, ಓದಿದ ಊರು ಇನ್ನೊಂದು ಕಡೆ. ಅಳಿಸಿ ಸ್ವಾಮಿ ಎಂದು ಯಾವ ಬಾಗಿಲು ತಟ್ಟಬೇಕು?

ಈ ಬರವಣಿಗೆಗೆ ಒಂದು ಪರಂಪರೆ ಉಂಟು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಕೂಸು ಹುಟ್ಟುವ ಮೊದಲೇ ಅದರ ಅಪರಾಧ ಬರೆದಿಟ್ಟರು. 1952ರಲ್ಲಿ ಅದು ರದ್ದಾಯಿತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮ ರಾಜ್ಯದಲ್ಲಿ 1961ರಲ್ಲಿ. ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಮ್ಮನ್ನು ತೆಗೆಯಿರಿ ಎಂದದ್ದು 2024ರ ಅಕ್ಟೋಬರ್ 3ರಂದು. ಇನ್ನೊಂದು ಸಂಗತಿ ನೋಡಿ. ನಮಗೆ 1871ರ ಕಾಯ್ದೆ ಬರೆದುಕೊಟ್ಟ ಅದೇ ಬ್ರಿಟನ್ 1974ರಲ್ಲಿ ತನ್ನ ಜನಕ್ಕೆ ಇನ್ನೊಂದು ಕಾಯ್ದೆ ಮಾಡಿಕೊಂಡಿತು. ಕೆಲವು ವರ್ಷ ಮತ್ತೆ ತಪ್ಪು ಮಾಡದೆ ಬದುಕಿದವನ ಹಳೆಯ ಸಣ್ಣ ಶಿಕ್ಷೆ ತೀರಿಹೋಯಿತು ಎಂದು ಲೆಕ್ಕ. ನಾವು ಅವರ ಲೇಖನಿಯನ್ನು ಇಟ್ಟುಕೊಂಡೆವು, ರಬ್ಬರನ್ನು ತರಲಿಲ್ಲ.

ಎಲ್ಲ ಅಳಿಸಿದರೆ ಕೊಲೆಗಡುಕರು, ಅತ್ಯಾಚಾರಿಗಳು ತಪ್ಪಿಸಿಕೊಳ್ಳುವುದಿಲ್ಲವೇ ಎಂಬ ಮಾತು ನ್ಯಾಯವಾದದ್ದು. ದಲಿತರ ಮೇಲೆ ಕೈಮಾಡಿದವರ ದಾಖಲೆ ಅಳಿಯುವುದು ನಮಗೂ ಬೇಡ. ನಾವು ಕೇಳುವುದು ಇಷ್ಟು: ಖುಲಾಸೆಯಾದವನ ಹೆಸರು, ಅವನು ಅರ್ಜಿ ಹಿಡಿದು ಅಲೆಯದೆ, ತಾನಾಗಿ ಮುಚ್ಚಬೇಕು. ಫಾರಂನಿಂದ ಬಂಧನದ ಪ್ರಶ್ನೆ ಹೋಗಬೇಕು. ಸಣ್ಣ ಶಿಕ್ಷೆ ಮುಗಿಸಿದವನಿಗೆ ಒಂದು ಅವಧಿ ಇರಬೇಕು.

ಅಲ್ಲಿಯ ತನಕ ಊರಿನ ಮಾಸ್ತರರು, ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಒಂದುಂಟು. ಖುಲಾಸೆಯಾದವನಿಗೆ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿಕೊಡಿ. ಅದರ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆರಳಚ್ಚು, ಫೋಟೋ ನಾಶಮಾಡಲು ಬರವಣಿಗೆಯಲ್ಲಿ ಕೇಳಿ. ಫಾರಂನಲ್ಲಿ ನಿಜವನ್ನೇ ಬರೆದು ತೀರ್ಪಿನ ಪ್ರತಿ ಲಗತ್ತಿಸಿ. ಠಾಣೆಯ ರೈಟರ್ ಬರೆದದ್ದು ಒಂದು ಪುಟ. ಅದರ ಎದುರು ಪುಟವನ್ನು ನಾವೇ ಬರೆದಿಡದಿದ್ದರೆ ಮುಂದಿನವರು ಅವನು ಬರೆದದ್ದನ್ನು ಮಾತ್ರ ಓದುತ್ತಾರೆ.