ಕೇಳಿದವರಿಗೆಲ್ಲ ಕೊಡುವ ಬೆಕ್ಕಲ್ಲ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಇಲಿ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೂ ಒಂದೊಂದು ಬೆಕ್ಕು, ಅದರ ಹಾಲಿಗೆಂದು ಒಂದೊಂದು ಹಸು ಕೊಡಿಸಿದ. ಉಳಿದವರ ಬೆಕ್ಕುಗಳೆಲ್ಲ ದುಂಡಗಾದರೆ ರಾಮಕೃಷ್ಣನದು ಹಾಲು ಕಂಡರೆ ಓಟ ಕೀಳುತ್ತಿತ್ತು. ಮೊದಲ ದಿನವೇ ಕುದಿಯುವ ಹಾಲಿಟ್ಟು ಅದರ ಬಾಯಿ ಸುಟ್ಟಿದ್ದ; ಆಮೇಲೆ ಹಸುವಿನ ಹಾಲೆಲ್ಲ ಮನೆಮಂದಿಯ ಹೊಟ್ಟೆಗೆ. ಚಿಕ್ಕಂದಿನಲ್ಲಿ ಓದಿ ನಕ್ಕಿದ್ದೇವೆ. ಬೆಕ್ಕುಗಳಿಗೆ ಮನೆ ಹುಡುಕುವ ಗೀಳು ಹತ್ತಿದ ಮೇಲೆ ನನಗೆ ಆ ಕತೆಯಲ್ಲಿ ಬೆಕ್ಕೇ ಕಾಣುತ್ತದೆ. ಅರಸನ ಔದಾರ್ಯಕ್ಕೆ ಕೊರತೆ ಇರಲಿಲ್ಲ, ಖರ್ಚಿಗೂ ಏರ್ಪಾಡಾಗಿತ್ತು. ಆ ಮನೆಯಲ್ಲಿ ಬೆಕ್ಕು ಯಾರಿಗೆ ಬೇಕಾಗಿದೆ ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ.

ಬೀದಿಯಿಂದ ಎತ್ತಿ ತಂದ ಬೆಕ್ಕಿಗೆ ಮನೆ ಹುಡುಕುವುದೆಂದರೆ ಫೋಟೊ ಹಾಕಿ, ಮೊದಲು ಫೋನ್ ಮಾಡಿದವರ ಕೈಗೆ ಬುಟ್ಟಿ ಕೊಟ್ಟು ಬರುವುದು ಎಂದುಕೊಂಡವರು ಬಹಳ. ಈ ವಾರದ ಬರಹ ಅಂಥವರಿಗೆ. ಮನೆಗಿಂತ ಮೊದಲು ಬೆಕ್ಕನ್ನು ನೋಡಬೇಕು. ಅದು ಎಂಥದ್ದೆಂದು ತಿಳಿದರೆ ಎಂಥ ಮನೆ ಬೇಕೆನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಯುಗಾದಿ ಕಳೆಯುತ್ತಿದ್ದಂತೆ ನಮ್ಮಲ್ಲಿ ಮರಿಗಳ ಕಾಲ. ಮೀಟರ್ ಬೋರ್ಡಿನ ಮೇಲೆ, ಅಟ್ಟದ ಹಳೇ ಪೆಟ್ಟಿಗೆಯೊಳಗೆ, ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಮಿಯಾಂ ಮಿಯಾಂ. ಕೇಳಿಸಿದ ತಕ್ಷಣ ಎತ್ತಿಕೊಂಡು ಬರಬೇಡಿ. ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಏಳರ ಲೆಕ್ಕ ಬಿಟ್ಟರೆ ಉಳಿದದ್ದು ನಿಜವೇ. ನಾಯಿ, ಗಂಡು ಬೆಕ್ಕು, ಮನುಷ್ಯರ ಸುಳಿವು ಸಿಕ್ಕರೆ ಜಾಗ ಬದಲಿಸುತ್ತದೆ. ಒಂದೊಂದೇ ಮರಿಯನ್ನು ಕಚ್ಚಿ ಸಾಗಿಸುವಾಗ ಉಳಿದವು ಅನಾಥವೆಂಬಂತೆ ಕಾಣುತ್ತವೆ. ಮರಿ ಬೆಚ್ಚಗೆ, ಹೊಟ್ಟೆ ತುಂಬಿಕೊಂಡು ಮಲಗಿದ್ದರೆ ದೂರ ನಿಂತು ಕೆಲವು ಗಂಟೆ ಕಾಯುವುದೇ ದೊಡ್ಡ ಉಪಕಾರ. ತಾಯಿ ಸತ್ತೇ ಹೋಗಿದ್ದರೆ ಮಾತು ಬೇರೆ. ಎಂಟು ವಾರ ತುಂಬುವ ಮೊದಲು ಹೊಸ ಮನೆಗೆ ಕಳಿಸುವುದು ಸಲ್ಲ. ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಯಾವಾಗ ಕಚ್ಚಬಾರದು, ಎಷ್ಟು ಪರಚಿದರೆ ಆಟ, ಎಷ್ಟಾದರೆ ಜಗಳ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ. ಬೇಗ ಬೇರ್ಪಡಿಸಿದ ಮರಿಯ ಪಾಠವನ್ನು ಹೊಸ ಮನೆಯವರ ಕೈಗಳು ಅನುಭವಿಸುತ್ತವೆ.

ಮರಿಗಳಿಗಾದರೂ ಕೇಳುವವರಿರುತ್ತಾರೆ. ಕಷ್ಟ ಇರುವುದು ಬೆಳೆದ ಬೆಕ್ಕಿನದು. ಬೆಂಗಳೂರಿನಲ್ಲಿ ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಫ್ರಿಜ್, ಸೋಫಾ, ತುಳಸಿ ಕುಂಡ ಎಲ್ಲ ಲಾರಿ ಹತ್ತುತ್ತವೆ, ಬೆಕ್ಕು ಗೇಟಿನ ಹತ್ತಿರ ಉಳಿಯುತ್ತದೆ. ಹೀಗೆ ಹಸಿವು, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಲಾರಿ ಹತ್ತಿಸುವವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಅಂಥದ್ದೇ ಒಂದು ಬೂದುಪಟ್ಟೆಯ ಹೆಣ್ಣು ಬೆಕ್ಕು ಈಚೆಗೆ ನನ್ನ ಕೈಗೆ ಬಂತು. ಹಲ್ಲು ನೋಡಿದ ಡಾಕ್ಟರು ಐದಾರು ವರ್ಷ ಇರಬಹುದು ಎಂದರು. ಕಿವಿಯ ತುದಿ ಕತ್ತರಿಸಿರಲಿಲ್ಲ. ಕತ್ತರಿಸಿದ್ದರೆ ಸಂತಾನಹರಣದ ಆಪರೇಷನ್ ಆಗಿರುವ ಬೀದಿಬೆಕ್ಕು ಎಂದು ಗುರುತು. ಕತ್ತಿನ ಸುತ್ತ ರೋಮ ತೆಳುವಾಗಿತ್ತು, ಅಂದರೆ ಎಂದೋ ಪಟ್ಟಿ ಕಟ್ಟಿದ್ದರು. ಮೊದಲು ಬೀದಿಯಲ್ಲಿ ವಿಚಾರಿಸಿದೆ: ಇಸ್ತ್ರಿ ಅಂಗಡಿಯವನು, ಹಾಲಿನ ಬೂತಿನವರು, ಸೆಕ್ಯುರಿಟಿ. ಕಳೆದುಹೋದ ಬೆಕ್ಕನ್ನು ಅನಾಥವೆಂದು ತಿಳಿದು ಇನ್ನೊಬ್ಬರಿಗೆ ಕೊಟ್ಟರೆ ಅದು ಉಪಕಾರವಾಗುವುದಿಲ್ಲ. ಯಾರೂ ತಮ್ಮದೆನ್ನದ ಮೇಲೆ ಒಂದು ಕೋಣೆಯಲ್ಲಿ ಬಿಟ್ಟು ನೋಡತೊಡಗಿದೆ.

ಈ ನೋಡುವ ಕೆಲಸಕ್ಕೆ ಅವಸರ ಸಲ್ಲದು. ಬೀದಿಯಲ್ಲೇ ಹುಟ್ಟಿ, ಮನುಷ್ಯರ ಕೈ ಸೋಕದೆ ಬೆಳೆದ ಬೆಕ್ಕಿಗೂ, ಮನೆ ಕಂಡು ಈಗ ಹೆದರಿರುವ ಬೆಕ್ಕಿಗೂ ಮೊದಲೆರಡು ದಿನ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಮೂಲೆ ಸೇರಿ ಬುಸುಗುಡುತ್ತವೆ. ಮರಿ ಮನುಷ್ಯರಿಗೆ ಒಗ್ಗಿಕೊಳ್ಳುವ ಹದ ಎರಡನೇ ವಾರದಿಂದ ಏಳನೇ ವಾರದವರೆಗೆ. ಆಗ ತಪ್ಪಿಹೋದದ್ದನ್ನು ಐದು ವರ್ಷದ ಮೇಲೆ ತಂದುಕೊಡಲು ಬಲು ಕಷ್ಟ. ಅಂಥದ್ದಕ್ಕೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಅದರ ಬೀದಿಗೇ ಮರಳಿಸಿ ಊಟ ಹಾಕುವುದು ಮೇಲು. ನನ್ನ ಬೂದುಪಟ್ಟೆಯವಳು ಮೂರನೇ ದಿನವೇ ಬಾಲ ನೆಟ್ಟಗೆ ಎತ್ತಿಕೊಂಡು ಮಂಚದಡಿಯಿಂದ ಈಚೆ ಬಂದಳು. ಮನೆ ಕಂಡ ಬೆಕ್ಕಿನ ಲಕ್ಷಣ ಅದು. ಆಮೇಲೆ ಒಂದೊಂದೇ ತಿಳಿಯಿತು. ಟ್ರೇಯ ಮರಳನ್ನು ತಪ್ಪದೆ ಬಳಸುತ್ತಾಳೆ. ಮಿಕ್ಸಿ ಶಬ್ದಕ್ಕೆ ಹೆದರುವುದಿಲ್ಲ, ಮಕ್ಕಳು ಓಡಿದರೆ ಹೆದರುತ್ತಾಳೆ. ಬೇರೆ ಬೆಕ್ಕಿನ ವಾಸನೆಯೂ ಬೇಡ. ತೊಡೆಯ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಒಂದು ಗೇಣು ಬಿಟ್ಟು ಗಂಟೆಗಟ್ಟಲೆ ಕೂರುತ್ತಾಳೆ.

ಇಷ್ಟನ್ನೂ ಫೋಟೊದ ಕೆಳಗೆ ಹಾಗೇ ಬರೆಯಬೇಕು. "ತುಂಬಾ ಮುದ್ದು, ಎಲ್ಲರ ಜೊತೆ ಹೊಂದಿಕೊಳ್ಳುತ್ತದೆ" ಎಂದು ಬರೆದರೆ ಫೋನುಗಳೇನೋ ಹೆಚ್ಚು ಬರುತ್ತವೆ, ಬೆಕ್ಕು ವಾಪಸ್ ಬರುವುದೂ ಅಷ್ಟೇ ಬೇಗ. ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಬಹುಮಟ್ಟಿಗೆ ಬಣ್ಣದ್ದು. ಕೇಸರಿ ಮರಿ ಇದೆಯಾ? ತುಂಟಾಟಕ್ಕೆ ಅದೇ ಸರಿಯಂತೆ ಹೌದಾ? ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೊಸೋಮಿನ ಮೇಲೆ. ಗಂಡಿಗೆ ಒಂದೇ ಎಕ್ಸ್ ಆದ್ದರಿಂದ ಒಂದು ಪ್ರತಿ ಸಿಕ್ಕರೆ ಸಾಕು, ಹೆಣ್ಣಿಗೆ ಎರಡೂ ಬೇಕು. ಹಾಗಾಗಿ ಕೇಸರಿ ಬೆಕ್ಕುಗಳಲ್ಲಿ ಸುಮಾರು ಶೇ 80 ಗಂಡು, ಕರಿ-ಕೇಸರಿ-ಬಿಳಿ ಬೆರೆತ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಆ ಜೀನ್ ಯಾವುದೆಂದು ಜಪಾನಿನ ಕ್ಯೂಶೂ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಬಣ್ಣ ನೋಡಿ ಗಂಡೋ ಹೆಣ್ಣೋ ಊಹಿಸಬಹುದು. ಗುಣಕ್ಕೆ ಬೆಕ್ಕನ್ನೇ ಕೇಳಬೇಕು. ಮರಿಯ ನೀಲಿ ಕಣ್ಣಿಗೆ ಮರುಳಾದವರಿಗೂ ಒಂದು ಮಾತು: ಆ ನೀಲಿ ಆರೇಳು ವಾರಕ್ಕೆ ಬದಲಾಗತೊಡಗುತ್ತದೆ. ಇನ್ನು ಕರಿ ಬೆಕ್ಕನ್ನು ಕೇಳುವವರು ಕಡಿಮೆ. ಅಮಾವಾಸ್ಯೆ ಹತ್ತಿರ ಬಂದಾಗ, ಒಂದೂ ಬಿಳಿ ಕೂದಲಿಲ್ಲದ್ದೇ ಬೇಕು ಎಂದು ಕೇಳುವವರಿಗೆ ನನ್ನ ಬಳಿ ಬೆಕ್ಕಿಲ್ಲ.

ಬೂದುಪಟ್ಟೆಯವಳನ್ನು ಕೇಳಿಕೊಂಡು ಬಂದವರಲ್ಲಿ ಎರಡು ಮನೆಗಳು ಉಳಿದವು. ಒಂದು, ಹನ್ನೊಂದನೇ ಮಹಡಿಯ ಫ್ಲಾಟಿನ ಯುವ ದಂಪತಿ. ಪ್ರೀತಿ ಉಕ್ಕುವ ಜನ, ಆಗಲೇ ಆಟಿಕೆ, ಹಾಸಿಗೆ, ಹತ್ತುವ ಕಂಬ ತಂದಿಟ್ಟಿದ್ದರು. ಬಾಲ್ಕನಿಗೆ ಹೋದೆ. ಪಾರಿವಾಳಕ್ಕೆಂದು ಕಟ್ಟಿದ ನೈಲಾನ್ ಬಲೆ. ಕೆಳಮೂಲೆಯಲ್ಲಿ ಕೊಕ್ಕೆ ಕಳಚಿ ಒಂದು ಕೈ ತೂರುವಷ್ಟು ಸಂದು. ತಲೆ ತೂರಿದರೆ ಬೆಕ್ಕಿನ ಮೈ ತೂರುತ್ತದೆ. ನೈಲಾನನ್ನು ಅದು ಕಚ್ಚಿ ಹರಿಯಲೂಬಲ್ಲದು. ಬೇಕಾದದ್ದು ಸ್ಟೀಲಿನ ಜಾಲರಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ಬೀಳುತ್ತದಲ್ಲ ಎಂದರು ಗಂಡ. ನ್ಯೂಯಾರ್ಕಿನ ಪಶುವೈದ್ಯರಿಬ್ಬರು 1987ರಲ್ಲಿ, ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಬದುಕಿದವು ಎಂಬುದನ್ನೇ ಜನ ನೆನಪಿಟ್ಟುಕೊಂಡಿದ್ದಾರೆ. ಅದು ಆಸ್ಪತ್ರೆಯವರೆಗೆ ಜೀವಂತ ತಲುಪಿದವುಗಳ ಲೆಕ್ಕ. ಅವುಗಳಲ್ಲೂ ಎದೆಗೆ ಪೆಟ್ಟು ಬಿದ್ದವು, ದವಡೆ, ಕಾಲು ಮುರಿದುಕೊಂಡವು ಬಹಳ.

ಇನ್ನೊಂದು ಮನೆ ಮಲ್ಲೇಶ್ವರದ ಹಳೇ ಬೀದಿಯಲ್ಲಿ. ನಿವೃತ್ತ ಮೇಷ್ಟ್ರು ಒಬ್ಬರು, ಅವರ ಹೆಂಡತಿ. ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ, ಅದರಾಚೆ ಕಬ್ಬಿಣದ ಸರಳು. ಇಲ್ಲಿ ಪ್ರಶ್ನೆ ಕೇಳಿದ್ದು ನಾನಲ್ಲ.

"ಹಾಲು-ಮೊಸರಿಗೆ ನಮ್ಮನೇಲಿ ಏನೂ ಕಮ್ಮಿಯಿಲ್ಲ. ಮೊಸರನ್ನ ತಿನ್ನುತ್ತೆ ತಾನೇ?"

"ತಿನ್ನಬಹುದು ಅಮ್ಮ, ಅದರಲ್ಲೇ ಬದುಕೋಕಾಗಲ್ಲ."

ಕಾರಣ ವಿವರಿಸಿದೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ-ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಜೀರ್ಣವಾಗದೆ ಭೇದಿಯಾಗುತ್ತದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

"ಪ್ಯಾಕೆಟ್‌ನಲ್ಲಿ ಒಣದು ಬರುತ್ತಂತಲ್ಲ. ಹಿತ್ತಿಲ ವರಾಂಡದಲ್ಲಿ ಅದಕ್ಕೆ ಬೇರೆ ತಟ್ಟೆ ಇಟ್ಟರೆ ಆಗುತ್ತಾ? ಅಡುಗೆಮನೆಗೆ ಬೇಡ."

"ಧಾರಾಳವಾಗಿ ಆಗುತ್ತೆ."

"ಇನ್ನೊಂದು. ನಮಗಿಬ್ಬರಿಗೂ ಎಪ್ಪತ್ತು ದಾಟಿತು. ನಾಳೆ ಹೆಚ್ಚುಕಡಿಮೆಯಾದರೆ ಇದರ ಗತಿ?"

ಇದನ್ನು ಅವರಾಗಿಯೇ ಎತ್ತಿದ್ದರಿಂದ ನನ್ನ ಮನಸ್ಸು ಆ ಕಡೆ ವಾಲಿತು. ಬೆಕ್ಕನ್ನು ಕೇಳಿಕೊಂಡು ಬರುವವರು ಎಷ್ಟು ಹೊಗಳುತ್ತಾರೆ ಎಂಬುದರಿಂದ ನನಗೇನೂ ತಿಳಿಯುವುದಿಲ್ಲ, ಎಂಥ ತೊಡಕಿನ ಪ್ರಶ್ನೆ ಕೇಳುತ್ತಾರೆ ಎಂಬುದರಿಂದ ತಿಳಿಯುತ್ತದೆ. ಮನೆಯೊಳಗೆ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕುವುದು ಸಾಮಾನ್ಯ. ಎಪ್ಪತ್ತು ದಾಟಿದವರಿಗೆ ಮರಿ ಕೊಡಲು ನಾನು ಹಿಂಜರಿಯುತ್ತೇನೆ. ಐದಾರು ವರ್ಷದ, ಗಲಾಟೆ ಬೇಡವೆನ್ನುವ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಗದು. ಅದೇ ಊರಿನಲ್ಲಿರುವ ಅವರ ಸೋದರಳಿಯ, ಮುಂದೆ ನೋಡಿಕೊಳ್ಳುವ ಹೊಣೆ ತನ್ನದೆಂದು ಕಾಗದಕ್ಕೆ ಸಹಿ ಹಾಕಿದ.

ಫ್ಲಾಟಿನ ದಂಪತಿಗೆ ಇಲ್ಲವೆಂದು ಹೇಳಿದೆ, ಕಾರಣವನ್ನೂ ಹೇಳಿದೆ. ಮನೆ ಕೆಟ್ಟದ್ದೇನಲ್ಲ, ಈ ಬೆಕ್ಕಿಗೆ ಒಗ್ಗುವುದಿಲ್ಲ, ಅಷ್ಟೇ. ದಿನವಿಡೀ ಇಬ್ಬರೂ ಆಫೀಸಿಗೆ ಹೋಗುವ, ಸಂಜೆ ಗೆಳೆಯರು ತುಂಬುವ ಮನೆಗೆ ಒಂದಕ್ಕೊಂದು ಜೊತೆಯಾಗುವ ಅಣ್ಣ-ತಂಗಿ ಮರಿಗಳು ಸರಿ. ಒಂಟಿ ಮರಿ ಬೇಸರಕ್ಕೆ ಸೋಫಾ ಹರಿಯುತ್ತದೆ, ಜೋಡಿ ಮರಿಗಳು ಒಂದನ್ನೊಂದು ದಣಿಸುತ್ತವೆ. ಅವರು ಸ್ಟೀಲ್ ಜಾಲರಿ ಹಾಕಿಸಿ ಫೋಟೊ ಕಳಿಸಿದ ಮೇಲೆ ಅಂಥದ್ದೇ ಒಂದು ಜೋಡಿ ಅಲ್ಲಿಗೆ ಹೋಯಿತು.

ಉಳಿದಂತೆ ನಾನು ಎಲ್ಲರನ್ನೂ ಕೇಳುವುದು ಕೆಲವೇ ಪ್ರಶ್ನೆ. ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ? ಪ್ರಾಣಿ ಸಾಕಬಾರದೆಂದು ಅಪಾರ್ಟ್‌ಮೆಂಟ್ ಸಂಘ ನಿಷೇಧ ಹೇರುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ ನಿಜ. ಹಾಗೆಂದು ಮಾಲೀಕರ ಮುನಿಸಿಗೆ ಬೆಕ್ಕನ್ನು ಒಡ್ಡಬಾರದು. ಊರಿಗೆ ಹೋದಾಗ ಊಟ ಹಾಕುವವರು ಯಾರು? ಟ್ರೇ ತೊಳೆಯುವವರು ಯಾರು? ಇದಕ್ಕೆ "ಕೆಲಸದವರು" ಎಂಬ ಉತ್ತರ ಬಂದರೆ ನಾನು ಇನ್ನೊಮ್ಮೆ ಯೋಚಿಸುತ್ತೇನೆ. ಕೊನೆಯದು, ಈ ಮನೆಯಲ್ಲಿ ಹಿಂದೆ ಮರಿ ವಾಂತಿ-ಭೇದಿಯಾಗಿ ಸತ್ತಿತ್ತಾ? ಪ್ಯಾನ್‌ಲ್ಯೂಕೊಪೀನಿಯಾ ವೈರಸ್ ನೆಲ, ಬಟ್ಟೆ, ಬುಟ್ಟಿಯಲ್ಲಿ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಲಸಿಕೆ ಪೂರ್ತಿಯಾಗದ ಮರಿಯನ್ನು ಅಂಥ ಮನೆಗೆ ಕೊಟ್ಟರೆ ಕೊಂದಂತೆಯೇ. ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು-ನಾಲ್ಕು ವಾರ ಬಿಟ್ಟು ಇನ್ನೊಂದು, ಹನ್ನೆರಡು ವಾರದ ಹೊತ್ತಿಗೆ ರೇಬಿಸ್‌ನದು. ದಾಖಲೆ ಪುಸ್ತಕ ಬೆಕ್ಕಿನ ಜೊತೆಗೇ ಹೋಗಬೇಕು. ಬೆಳೆದದ್ದಾದರೆ ಆಪರೇಷನ್ ಮುಗಿಸಿಯೇ ಕೊಡಿ. ಮಾಡಿಸುತ್ತೇವೆ ಎಂಬ ಮಾತು ಮುಂದಿನ ಯುಗಾದಿಗೆ ನಾಲ್ಕು ಮರಿಯಾಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ಕೊಟ್ಟ ಮೇಲಿನ ಎರಡು ವಾರ ನಾಜೂಕಿನವು. ಬೇಡದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆ ದಾಟಿಸಿ ಬಿಟ್ಟರೂ ಅದು ತಿರುಗಿ ಬಂದ ಕತೆ ಮಲೆನಾಡಿನ ಮನೆಮನೆಯಲ್ಲೂ ಇದೆ. ಬೆಕ್ಕು ಜನರಿಗಿಂತ ಮೊದಲು ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿ. ಹಾಗಾಗಿ ಹಳೇ ಜಾಗದ ಒಂದು ತುಂಡನ್ನೇ ಜೊತೆಗೆ ಕಳಿಸುತ್ತೇನೆ: ಅದು ಮಲಗಿದ್ದ, ಒಗೆಯದ ಬಟ್ಟೆ, ಬಳಸಿದ ಮರಳು ಒಂದು ಹಿಡಿ, ಅದೇ ಕಂಪನಿಯ ಆಹಾರ. ಮೊದಲು ಒಂದೇ ಕೋಣೆ, ಬಾಗಿಲು ಭದ್ರ. ಮಂಚದಡಿ ಸೇರಿದರೆ ಎಳೆದು ತೆಗೆಯಬೇಡಿ. ನೆಲದ ಮೇಲೆ ಕುಳಿತು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಬೆಕ್ಕುಗಳು ಅದಕ್ಕೆ ಹಾಗೇ ಕಣ್ಣು ಮಿಟುಕಿಸಿ ಉತ್ತರಿಸುತ್ತವೆ ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಒಂದು ದಿನ ಊಟ ಬಿಟ್ಟರೆ ಕಾಯಬಹುದು, ಎರಡನೇ ದಿನವೂ ಮುಟ್ಟದಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ ಪಿತ್ತಜನಕಾಂಗ ಕೊಬ್ಬು ತುಂಬಿ ಕೆಡುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲನ್ನು ಮಾತ್ರ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆದೀತು.

ಮಲ್ಲೇಶ್ವರದ ಅಮ್ಮ ಮೊನ್ನೆ ಫೋನ್ ಮಾಡಿದ್ದರು. ಬೂದುಪಟ್ಟೆಯವಳು ಮೇಷ್ಟ್ರ ಪೇಪರಿನ ಮೇಲೆ ಕೂರುತ್ತಾಳಂತೆ, ಪದಬಂಧ ಪೂರ್ತಿಯಾಗುತ್ತಿಲ್ಲವಂತೆ. ಕೊಟ್ಟ ಕಾಗದದಲ್ಲಿ "ಆಗದಿದ್ದರೆ ನನಗೇ ವಾಪಸ್ ಕೊಡತಕ್ಕದ್ದು" ಎಂಬ ಸಾಲು ಇದೆ ಎಂದು ನೆನಪಿಸಿದೆ. "ಆ ಸಾಲು ಹೊಡೆದುಹಾಕಿ" ಎಂದರು. ಹೊಡೆದುಹಾಕಿಲ್ಲ, ಯಾರಿಗೂ ಹಾಕುವುದಿಲ್ಲ. ಬೆಕ್ಕು ಕೊಡುವ ನೀವೂ ಆ ಸಾಲನ್ನು ಬಿಡಬೇಡಿ. ಬೆಕ್ಕು ಬೇಕೆನ್ನುವವರು ಈ ಮಳೆಗಾಲದಲ್ಲಿ ಮರಿಗಳ ಫೋಟೊ ದಾಟಿ, ಕೆಳಗೆ ಉಳಿದುಹೋಗಿರುವ ದೊಡ್ಡ ಬೆಕ್ಕುಗಳವರೆಗೂ ಬನ್ನಿ. ಮರಿ ದೊಡ್ಡದಾದ ಮೇಲೆ ಏನಾಗುತ್ತದೋ ಹೇಳಲಾಗದು, ದೊಡ್ಡದು ಎಂಥದ್ದೆಂದು ಮೊದಲೇ ಕೇಳಿ ತಿಳಿದುಕೊಳ್ಳಬಹುದು.